ನಾನು ನೋಡದ ದೆವ್ವದ ಸಿನಿಮಾ

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸಿದ ಸಿನಿಮಾವನ್ನು ನಾನು ನೋಡಿಯೇ ಇಲ್ಲ. ಬರೀ ಕೇಳಿದ್ದೇನೆ. ಅದೂ ಒಂದು ದಿನ ಎರಡು ದಿನವಲ್ಲ, ಸಂಕ್ರಾಂತಿ ಕಳೆದ ಮೇಲೆ ಶುರುವಾದದ್ದು ಶಿವರಾತ್ರಿ ಹತ್ತಿರ ಬರುವವರೆಗೆ, ದಿನಾ ಸಂಜೆ, ಬೇಡವೆಂದರೂ. ಈಗ ನನ್ನ ಮೊಮ್ಮಕ್ಕಳು ಟೀವಿಯಲ್ಲಿ ದೆವ್ವದ ಸಿನಿಮಾ ಹಾಕಿಕೊಂಡು, ಹೆದರಿಕೆಯಾಗುವ ಜಾಗ ಬಂದ ಕೂಡಲೇ ಸದ್ದು ತೆಗೆದುಬಿಡುತ್ತಾರೆ. ಸದ್ದಿಲ್ಲದಿದ್ದರೆ ದೆವ್ವ ಬರೀ ಸುಣ್ಣ ಬಳಿದುಕೊಂಡ ಹೆಂಗಸಂತೆ. ಇರಬಹುದು. ನನ್ನ ಪಾಲಿಗೆ ಬಂದದ್ದು ಆ ಹೆಂಗಸಲ್ಲ, ಅವಳ ಸದ್ದು.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನ್ನ ತವರು ತಣಿಸಂದ್ರ. ಆಗ ಅದು ಒಂದು ಕೆರೆ, ಸುತ್ತ ರಾಗಿ ಹೊಲ, ನಾಲ್ಕು ಬೀದಿಯ ಹಳ್ಳಿ. ನನ್ನನ್ನು ಕೊಟ್ಟಿದ್ದು ಯಶವಂತಪುರಕ್ಕೆ. ನಮ್ಮ ಯಜಮಾನರಿಗೆ ರೈಲ್ವೆಯ ಗೂಡ್ಸ್ ಶೆಡ್ಡಿನಲ್ಲಿ ಕೆಲಸ, ಮನೆ ಹಳಿಯ ಪಕ್ಕದಲ್ಲೇ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕಿತ್ತು, ಆದರೆ ದಿನ ತುಂಬುವ ಮೊದಲೇ ನೋವು ಬಂದು ಆ ಮನೆಯಲ್ಲೇ ಆಗಿಹೋಯಿತು. ಗಂಡು ಮಗು. ಮೂಗು, ತುಟಿ, ಬೆರಳು, ಉಗುರು ಎಲ್ಲ ನೆಟ್ಟಗಿತ್ತು. ಅಳಲಿಲ್ಲ. ಅಲ್ಲಿಯವರೆಗೆ ಹಾಗೆ ಮಾಡು ಹೀಗೆ ಮಾಡು ಎಂದು ನನ್ನ ಕಿವಿ ತಿನ್ನುತ್ತಿದ್ದ ಹೆಂಗಸರೆಲ್ಲ ಒಟ್ಟಿಗೆ ಬಾಯಿ ಮುಚ್ಚಿದರು. ನಾನು ಕಾದೆ. ಇನ್ನೇನು ಅಳುತ್ತದೆ, ಇನ್ನೇನು ಅಳುತ್ತದೆ ಎಂದು ಕಾದೆ. ಆಮೇಲೆ ಯಾರೋ ಬಟ್ಟೆಯಲ್ಲಿ ಸುತ್ತಿಕೊಂಡು ಹೊರಗೆ ಹೋದರು.

ಬಸುರಿಯಾಗಿದ್ದಾಗ ಒಮ್ಮೆ ಹಳಿ ದಾಟುವಾಗ ಇಂಜಿನ್ನು ಪಕ್ಕದಲ್ಲೇ ಕೂಗಿ, ನಾನು ಬೆಚ್ಚಿ ತುಂಬಿದ ಬಿಂದಿಗೆಯನ್ನು ಎತ್ತಿಹಾಕಿದ್ದೆ. ಮಗು ಹೋದದ್ದಕ್ಕೆ ಅದೇ ಕಾರಣ ಎಂದು ಎರಡೂ ಮನೆಯವರು ತೀರ್ಮಾನ ಮಾಡಿದರು. ಬೇರೆ ಯಾವುದರಲ್ಲೂ ಒಂದಾಗದ ಬೀಗರು ಇದೊಂದರಲ್ಲಿ ಒಂದಾದರು. ತಾಯಿ ಬೆಚ್ಚಿಬಿದ್ದರೆ ಹೊಟ್ಟೆಯಲ್ಲಿರುವ ಕೂಸಿನ ಉಸಿರು ಕಟ್ಟುತ್ತದೆ ಎನ್ನುವುದು ನಮ್ಮವರ ನಂಬಿಕೆ. ಡಾಕ್ಟರು ಬೇರೇನಾದರೂ ಹೇಳುತ್ತಿದ್ದರೋ ಏನೋ, ಅವರನ್ನು ಕೇಳಿದವರಿಲ್ಲ. ನಾನೂ ನಂಬಿದೆ.

ಹಾಗಾಗಿ ಎರಡನೆಯ ಸಲ, ಏಳು ತುಂಬಿದ ಕೂಡಲೇ ಅವ್ವ ಗಾಡಿ ಕಟ್ಟಿಸಿಕೊಂಡು ಯಶವಂತಪುರಕ್ಕೆ ಬಂದಳು. ಅತ್ತೆ ಎದುರಾಡಲಿಲ್ಲ. ಹೆಬ್ಬಾಳದ ಕೆರೆ ದಾಟುವಾಗ ಅವ್ವ ನನ್ನ ಕೈ ಹಿಡಿದು ಹೇಳಿದಳು:

"ನಮ್ಮೂರಾಗೆ ರೈಲಿಲ್ಲ, ಕೂಗಿಲ್ಲ. ಒಂದು ಗೂಬೆ ಐತೆ, ಅದ್ನೂ ಓಡಿಸ್ತೀನಿ. ಈ ಸತಿ ನೀನು ಯಾವ್ದಕ್ಕೂ ಬೆಚ್ಚಂಗಿಲ್ಲ ಕಣ್ ಮಗ. ಬೆಚ್ಚಾಕೆ ನಾನು ಬಿಡಾಕಿಲ್ಲ."

ಅವಳು ಮಾತಿಗೆ ತಪ್ಪುವವಳಲ್ಲ. ಮನೆಗೆಲ್ಲ ಕಾನೂನು ಬಂತು. ಅಣ್ಣ ಒಳಗೆ ಬರುವ ಮೊದಲು ಬಾಗಿಲಲ್ಲಿ ಕೆಮ್ಮಬೇಕು. ಅಪ್ಪ ಬಾವಿಗೆ ಕೊಡ ಬಿಡುವ ಮೊದಲು "ಬಿಡ್ತೀನಿ" ಎಂದು ಹೇಳಿ ಬಿಡಬೇಕು. ಪಾತ್ರೆ ಬೀಳಿಸಿದರೆ ಅತ್ತಿಗೆಗೆ ಮಂಗಳಾರತಿ. ನನ್ನ ದಿಂಬಿನ ಕೆಳಗೆ ಕುಡುಗೋಲು, ಬಾಗಿಲಿಗೆ ಬೇವಿನ ಸೊಪ್ಪು. ನಡುಮನೆಯ ಪಕ್ಕದ ಪುಟ್ಟ ಕೋಣೆಯನ್ನು ನನಗೆ ಬಿಟ್ಟುಕೊಟ್ಟರು. ನಡುಮನೆಯ ಆಚೆ ಅಡುಗೆಮನೆ, ಅದರ ಹಿಂದೆ ಬಚ್ಚಲು. ನನ್ನ ಕೋಣೆಗೆ ಇದ್ದದ್ದು ಒಂದೇ ಕಿಟಕಿ, ಅದು ಹಿಂದಿನ ಹೊಲದ ಕಡೆಗೆ.

ಹೆದರಿದವರ ಮೇಲೆ ಹಾವು ಎಸೆದ ಹಾಗೆ, ಸಂಕ್ರಾಂತಿ ಕಳೆದ ಮೇಲೆ ಅದೇ ಹೊಲದಲ್ಲಿ ಟೆಂಟು ಸಿನಿಮಾ ಬಂದು ಕೂತಿತು.

ಕೊಯ್ಲಾದ ಹೊಲವನ್ನು ಬಾಡಿಗೆಗೆ ಹಿಡಿದು, ಗೂಟ ಹೊಡೆದು, ತೇಪೆ ಹಾಕಿದ ಗುಡಾರ ಎತ್ತಿದರು. ಒಳಗೆ ನೆಲ, ಬೆಂಚು, ಕುರ್ಚಿ. ಹೊರಗೆ ಬಿದಿರಿನ ಮೇಲೆ ಸ್ಪೀಕರಿನ ಪೆಟ್ಟಿಗೆ. ಸೂರ್ಯ ಮುಳುಗಿದ ಮೇಲೆ ಅದರಲ್ಲಿ ಮೊದಲು ದೇವರ ಹಾಡು ಬರುತ್ತಿತ್ತು, ಅದು ಮುಗಿದರೆ ಆಟ ಶುರು. ಮೊದಲ ಆಟವೇ ದೆವ್ವದ್ದು. ಅದೇನು ಗ್ರಹಚಾರವೋ, ಬೇರೆ ಚಿತ್ರಗಳನ್ನು ವಾರಕ್ಕೆ ಎತ್ತುವ ಟೆಂಟಿನವನು ಇದನ್ನು ಮಾತ್ರ ಎತ್ತಲಿಲ್ಲ. ಹೆಬ್ಬಾಳದಿಂದ, ಯಲಹಂಕದ ಕಡೆಯಿಂದ ಜನ ಗಾಡಿ ಕಟ್ಟಿಕೊಂಡು ಬಂದರು. ಹೆದರಿಕೊಳ್ಳುವುದಕ್ಕೆ ದುಡ್ಡು ಕೊಟ್ಟು ಅಷ್ಟು ದೂರ ಬರುವ ಜನರನ್ನು ನಾನು ಅಂದು ಮೊದಲು ಕಂಡೆ.

ಮೊದಲ ಸಂಜೆ ನನಗೆ ಏನೂ ಗೊತ್ತಿರಲಿಲ್ಲ. ಚಾಪೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ಪಿಟೀಲಿನಂಥದೇನೋ ಎಳೆದೂ ಎಳೆದೂ ಕುಯ್ಯುತ್ತಿತ್ತು. ಒಂದು ನಾಯಿ ಊಳಿಟ್ಟಿತು. ಊರ ನಾಯಿ ಎಂದುಕೊಂಡೆ. ಆಮೇಲೆ ಎಲ್ಲ ನಿಂತಿತು. ಪಿಟೀಲು ನಿಂತಿತು, ನಾಯಿ ನಿಂತಿತು, ಟೆಂಟಿನಲ್ಲಿ ಅಳುತ್ತಿದ್ದ ಕೂಸುಗಳೂ ನಿಂತವು. ಅಷ್ಟು ಜನ ಒಂದು ಕಡೆ ಸೇರಿಯೂ ಸದ್ದಿಲ್ಲದೆ ಇರುವುದು ಎಂದರೆ ಏನು? ನನ್ನ ಕೈಯಲ್ಲಿದ್ದ ಅವರೆಕಾಯಿ ಕೈಯಲ್ಲೇ ಉಳಿಯಿತು. ಒಂದು ಬಾಗಿಲು ಕಿರ್ರೆಂದು ತೆರೆದುಕೊಂಡಿತು. ಗೆಜ್ಜೆಯ ಸದ್ದು ಬಂತು, ನಿಂತಿತು. ಮತ್ತೆ ಬಂತು, ಈ ಸಲ ಹತ್ತಿರದಲ್ಲಿ. ಆಮೇಲೆ ಒಬ್ಬ ಹೆಂಗಸು ಕಿರುಚಿದಳು.

 ಹೊಟ್ಟೆಯಲ್ಲಿ ಮಗು ಎಗರಿಬಿತ್ತು. ಮೊರ ಉರುಳಿ ಅವರೆಕಾಳು ಕೋಣೆಯೆಲ್ಲ ಹರಡಿತು. ಟೆಂಟಿನಲ್ಲಿ ಮೊದಲು ಎಲ್ಲರೂ ಕಿರುಚಿದರು, ಆಮೇಲೆ ಎಲ್ಲರೂ ನಕ್ಕರು. ಒಟ್ಟಿಗೆ ಹೆದರಿದವರು ಒಟ್ಟಿಗೆ ನಕ್ಕು ಹಗುರಾಗುತ್ತಾರೆ. ನಾನು ಒಬ್ಬಳೇ ಹೆದರಿದ್ದೆ, ನನಗೆ ಆ ನಗು ಬರಲಿಲ್ಲ. ಹೊಟ್ಟೆಯ ಮೇಲೆ ಎರಡೂ ಕೈಯಿಟ್ಟುಕೊಂಡು ಮಗು ಮತ್ತೆ ಒದೆಯುವವರೆಗೆ ಉಸಿರು ಬಿಗಿಹಿಡಿದು ಕೂತೆ. ಅವ್ವ ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿದಳು. ಅವಳ ಮುಖದಲ್ಲಿ ಬಣ್ಣವಿರಲಿಲ್ಲ.

ಮಾರನೆಯ ಬೆಳಿಗ್ಗೆ ಅಪ್ಪ ಟೆಂಟಿನವನ ಹತ್ತಿರ ಹೋದರು. ಹೊರಗಿನ ಪೆಟ್ಟಿಗೆ ಆರಿಸು, ಮನೆಯಲ್ಲಿ ಬಸುರಿ ಇದ್ದಾಳೆ ಎಂದು ಕೇಳಿಕೊಂಡರು.

"ಪೆಟ್ಟಿಗೆ ಆಫ್ ಮಾಡಿದ್ರೆ ಟಿಕೆಟ್ ಯಾರು ತಗೋತಾರೆ ಯಜಮಾನ್ರೇ? ಜನ ಆ ಕಿರುಚಾಟ ಕೇಳೇ ಬರೋದು. ಒಂದ್ ಕೆಲ್ಸ ಮಾಡಿ, ಪಾಸ್ ಕೊಡ್ತೀನಿ, ಮನೆಯವರನ್ನ ಕರ್ಕೊಂಡ್ ಬನ್ನಿ" ಎಂದನಂತೆ.

ಅಪ್ಪ ಪಾಸು ಹಿಡಿದುಕೊಂಡು ಪೆಚ್ಚಾಗಿ ಬಂದರು. ಆ ಪಾಸು ಅತ್ತಿಗೆಯ ಪಾಲಾಯಿತು. ಅವಳು ಅಣ್ಣನ ಜೊತೆ ಹೋಗಿ ನೋಡಿಬಂದಳು, ಪಕ್ಕದ ಮನೆಯವರ ಜೊತೆ ಇನ್ನೊಮ್ಮೆ ನೋಡಿಬಂದಳು. ಕಣ್ಣು ಹೊಳೆಯುತ್ತಿತ್ತು, ಮಾತು ನಾಲಿಗೆಯ ತುದಿಯಲ್ಲಿ ಕುಣಿಯುತ್ತಿತ್ತು. ಆದರೆ ನನಗೆ ಕಥೆ ಹೇಳಕೂಡದೆಂದು ಅವ್ವ ಅವಳಿಂದ ಆಣೆ ಹಾಕಿಸಿಕೊಂಡಿದ್ದಳು.

"ಯೋಳು ಅತ್ತಿಗೆ, ಆ ಬಾಗ್ಲು ತೆಗೆದಾಗ ಏನ್ ಕಾಣ್ತದೆ?"

"ಅಯ್ಯೋ, ಅದು... ಬ್ಯಾಡ ಬಿಡು. ಅವ್ಳ ಕಾಲು ನೋಡ್ಬೇಕಿತ್ತು ನೀನು."

"ಕಾಲ್ಗೆ ಏನಾಗೈತೆ?"

ಅಷ್ಟರಲ್ಲಿ ಅಡುಗೆಮನೆಯಿಂದ ಅವ್ವ ಕೆಮ್ಮುತ್ತಿದ್ದಳು. ಅತ್ತಿಗೆ ಸೆರಗು ಬಾಯಿಗಿಟ್ಟುಕೊಂಡು ಎದ್ದು ಹೋಗುತ್ತಿದ್ದಳು. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ. ಪೂರ್ತಿ ಹೇಳಿದ್ದರೆ ಅದು ಯಾವುದೋ ಒಂದು ಕಾಲಾಗಿ ಅಲ್ಲಿಗೆ ಮುಗಿಯುತ್ತಿತ್ತು. ಹೇಳದೆ ಬಿಟ್ಟದ್ದರಿಂದ ಅದು ದಿನಕ್ಕೊಂದು ಕಾಲಾಯಿತು. ಒಂದು ದಿನ ಹಿಂದುಮುಂದಾದ ಪಾದ, ಒಂದು ದಿನ ಪಾದವೇ ಇಲ್ಲದ ಗೆಜ್ಜೆ. ಆ ಸಿನಿಮಾ ತೆಗೆದವನಿಗೂ ಅಷ್ಟು ತೋಚಿರಲಾರದು.

ಇನ್ನೊಂದು ಕಷ್ಟವಿತ್ತು. ಟೆಂಟಿನಲ್ಲಿದ್ದದ್ದು ಒಂದೇ ಮಿಷನ್ನು. ಒಂದು ರೀಲು ಮುಗಿದರೆ ದೀಪ ಹಾಕಿ, ಇನ್ನೊಂದು ರೀಲು ಏರಿಸುವವರೆಗೆ ಜನ ಕಾಯಬೇಕು. ಆಟದಲ್ಲಿ ಮುಂದೆ ಆ ಬಾಗಿಲು ಇನ್ನೊಮ್ಮೆ ಕಿರ್ರೆನ್ನುತ್ತಿತ್ತು, ಒಂದು ರೀಲು ಸರಿಯಾಗಿ ಅಲ್ಲೇ ಮುಗಿಯುತ್ತಿತ್ತು. ಆಟ ನೋಡುವವರು ಹೊರಗೆ ಬಂದು ಬೀಡಿ ಸೇದುತ್ತಿದ್ದರು, ಕಡಲೆಕಾಯಿ ಕೊಳ್ಳುತ್ತಿದ್ದರು, ಸೋಡಾ ಬಾಟಲಿಯ ಗೋಲಿ ಟಪ್ಪೆನ್ನುತ್ತಿತ್ತು. ಅವರಿಗೆ ಅದು ವಿರಾಮ. ನನಗೆ ಮಾತ್ರ ಆ ಬಾಗಿಲು ತೆರೆದೇ ಇರುತ್ತಿತ್ತು. ಅದು ನನ್ನ ಕೋಣೆಯ ಬಾಗಿಲೇ ಅನ್ನಿಸಿ, ತಿರುಗಿ ನೋಡಲೂ ಧೈರ್ಯ ಸಾಲದೆ ಗೋಡೆಗೆ ಒರಗಿ ಕೂತಿರುತ್ತಿದ್ದೆ.

ಅವ್ವ ನನ್ನ ಕಿವಿಗೆ ಹತ್ತಿ ಇಟ್ಟಳು. ಹತ್ತಿಯಿಂದ ಹೊರಗಿನ ಸದ್ದು ಕಡಿಮೆಯಾಗಿ ನನ್ನ ಎದೆಯ ಬಡಿತ ಜೋರಾಯಿತು. ಕಿಟಕಿಗೆ ಗೋಣಿಚೀಲ ತುರುಕಿದಳು. ಸೆಕೆಗೆ ಮೈಯೆಲ್ಲ ಬೆವರಿತೇ ಹೊರತು ಕಿರುಚಾಟ ಗೋಣಿಯನ್ನೂ ದಾಟಿ ಬಂತು. ಕೊನೆಗೆ ಅವಳಿಗೆ ಬೀಸುವ ಕಲ್ಲು ನೆನಪಾಯಿತು.

ನಾಗವಾರದಲ್ಲಿ ಹಿಟ್ಟಿನ ಮಿಷನ್ನು ಬಂದ ಮೇಲೆ ನಮ್ಮ ಬೀಸುವ ಕಲ್ಲು ನಡುಮನೆಯ ಮೂಲೆ ಸೇರಿತ್ತು. ಅವ್ವ ಅದನ್ನು ತೊಳೆದು ನನ್ನ ಕೋಣೆಯ ಬಾಗಿಲ ಪಕ್ಕಕ್ಕೇ ಎಳೆಸಿದಳು. ಆಟದ ಸದ್ದಿನ ಕ್ರಮ ಅವಳಿಗೂ ಬಾಯಿಪಾಠವಾಗಿತ್ತು. ನಾಯಿ ಊಳಿಟ್ಟ ಕೂಡಲೇ ಕಲ್ಲಿನ ಮುಂದೆ ಕೂತು, ರಾಗಿ ಹಾಕಿ, ಜೋರಾಗಿ ಬೀಸಲು ಶುರುಮಾಡುತ್ತಿದ್ದಳು. ಜೊತೆಗೆ ಗಂಟಲು ಬಿಟ್ಟು ಪದ ಹೇಳುತ್ತಿದ್ದಳು. ದೀಪ ಹಚ್ಚಿದ ಮೇಲೆ ಬೀಸಬಾರದು ಎಂದು ನೆರೆಯವರು ಹೇಳಿದರೂ ಕೇಳಲಿಲ್ಲ. ಕಲ್ಲಿನ ಗುರುಗುರು ಸದ್ದಿನಲ್ಲಿ ಬಾಗಿಲು, ಗೆಜ್ಜೆ, ಕಿರುಚಾಟ ಎಲ್ಲ ಮುಳುಗಿಹೋದವು. ಟೆಂಟಿನವರ ನಗು ಕೇಳಿಸಿದ ಮೇಲೆ ಅವ್ವ ಕೈ ನಿಲ್ಲಿಸಿ, ಬಾಗಿಲಲ್ಲಿ ಇಣುಕುತ್ತಿದ್ದಳು.

"ಏನೂ ಕೇಳಿಸ್ಲಿಲ್ಲ ಅಲ್ವಾ ಮಗ?"

"ಇಲ್ಲ ಕಣವ್ವ."

ಅವಳ ಮುಖ ಅರಳುತ್ತಿತ್ತು. ಬೆವರು ಒರೆಸಿಕೊಂಡು, ಹಿಟ್ಟು ಬಾಚುತ್ತಿದ್ದಳು. ಆ ತಿಂಗಳು ನಮ್ಮ ಮನೆಯಲ್ಲಿ ಬಿದ್ದಷ್ಟು ರಾಗಿ ಹಿಟ್ಟು ಎಂದೂ ಬಿದ್ದಿಲ್ಲ.

ನಿಜಕ್ಕೂ ನನಗೆ ಕಿರುಚಾಟ ಕೇಳಿಸುತ್ತಿರಲಿಲ್ಲ. ಆದರೆ ಹೆದರಿಕೆ ಕಡಿಮೆಯಾಗಲಿಲ್ಲ, ಜಾಗ ಬದಲಾಯಿಸಿತು ಅಷ್ಟೇ. ಕಲ್ಲು ಗುರುಗುಟ್ಟಿತು ಎಂದರೆ ಅದರ ಆಚೆ ಈಗ ಬಾಗಿಲು ತೆರೆಯುತ್ತಿದೆ ಎಂದು ಗೊತ್ತಾಗುತ್ತಿತ್ತು. ಕೇಳಿಸದ ಕಿರುಚಾಟ ಯಾವ ಗಳಿಗೆಯಲ್ಲಿ ಬಂದು ಹೋಯಿತೋ ತಿಳಿಯದೆ, ಬೀಸುವಷ್ಟು ಹೊತ್ತೂ ಕಿರುಚಾಟವೇ ಆಯಿತು. ಕೆಲವು ದಿನ ಕಳೆದ ಮೇಲೆ ಕಲ್ಲಿನವರೆಗೂ ಹೋಗಬೇಕಾಗಿರಲಿಲ್ಲ. ಅವ್ವ ಕೂರುವ ಮೊದಲು ಬಳೆಗಳನ್ನು ಮೊಣಕೈಯ ಕಡೆಗೆ ಸರಿಸಿಕೊಳ್ಳುತ್ತಿದ್ದಳು. ಆ ಗಾಜಿನ ಬಳೆಗಳು ಗಲಗಲ ಎಂದ ಕೂಡಲೇ ನನ್ನ ಕೈಕಾಲು ತಣ್ಣಗಾಗುತ್ತಿದ್ದವು. ನನ್ನನ್ನು ಎತ್ತಿ ಆಡಿಸಿದ ಕೈಯ ಬಳೆ ಅವು. ಆ ಸದ್ದಿಗೆ ನಾನು ಹೆದರುತ್ತೇನೆ ಎಂದು ಅವಳಿಗೆ ಯಾವ ಬಾಯಲ್ಲಿ ಹೇಳಲಿ?

ಆಮೇಲೆ, ಬದುಕಿನಲ್ಲಿ ಸಾಕಷ್ಟು ದೆವ್ವದ ಸಿನಿಮಾ ನೋಡಿದ್ದೇನೆ. ಅವನ್ನು ತೆಗೆಯುವವರ ಗುಟ್ಟು ಇಷ್ಟೇ ಎಂದು ನನ್ನ ಲೆಕ್ಕ. ಏಟು ಬೀಳುವ ಮೊದಲು ಒಂದು ಸದ್ದನ್ನು ಕಲಿಸಿಕೊಡುತ್ತಾರೆ. ಆಮೇಲೆ ಏಟು ಬೇಕಾಗುವುದಿಲ್ಲ, ಸದ್ದೊಂದೇ ಸಾಕು. ನಮ್ಮವ್ವ ಒಂದು ಸಿನಿಮಾವನ್ನೂ ನೋಡದೆ ಅದನ್ನೆಲ್ಲ ಮಾಡಿದ್ದಳು. ಅದೂ ನನ್ನನ್ನು ಕಾಪಾಡುವುದಕ್ಕೆ.

ಶಿವರಾತ್ರಿ ಹತ್ತಿರ ಬಂತು. ಟೆಂಟಿನವನು ದೆವ್ವವನ್ನು ಎತ್ತಿ, ದೇವರ ಚಿತ್ರ ತಂದ. ಆ ಸಂಜೆ ಸ್ಪೀಕರಿನಿಂದ ಜಾಗಟೆ, ಗಂಟೆ, ಭಜನೆ ಕೇಳಿದಾಗ ಅತ್ತಿಗೆ ಒಬ್ಬಳನ್ನು ಬಿಟ್ಟು ಮನೆಯವರೆಲ್ಲ ಸಂತೋಷಪಟ್ಟರು. ಅವ್ವ ಕಿಟಕಿಯ ಗೋಣಿಚೀಲ ಕಿತ್ತಳು. ಬೀಸುವ ಕಲ್ಲಿನ ಮೇಲೆ ಒಂದು ಗೋಣಿತಟ್ಟು ಹೊದಿಸಿದಳು. "ಗೆದ್ವಿ ಕಣ್ ಮಗ" ಎಂದಳು. ನನಗೂ ಹಾಗೇ ಅನ್ನಿಸಿತು. ತಿಂಗಳ ಮೇಲೆ ಮೊದಲ ಸಲ ಸಂಜೆ ಹೊತ್ತು ಹೊಟ್ಟೆ ತುಂಬ ಉಂಡೆ.

ದೇವರ ಚಿತ್ರ ಬಂದ ಮೂರನೆಯ ದಿನ ಮಧ್ಯಾಹ್ನ ನೋವು ಶುರುವಾಯಿತು. ಅಣ್ಣ ಓಡಿಹೋಗಿ ಊರ ಸೂಲಗಿತ್ತಿಯನ್ನು ಕರೆತಂದ. ಅವಳನ್ನು ಊರೆಲ್ಲ ಅಜ್ಜಿ ಎನ್ನುತ್ತಿತ್ತು. ಅಪ್ಪ, ಅಣ್ಣ ಜಗಲಿಗೆ ಹೋದರು. ಅವ್ವ ಬಚ್ಚಲಿನ ಹಂಡೆಗೆ ನೀರು ತುಂಬಿ ಉರಿ ಹಾಕಿ, ಬಂದು ನಡುಮನೆಯಲ್ಲಿ ಕೂತಳು. ಅತ್ತಿಗೆ ನನ್ನ ತಲೆಯ ಬಳಿ ಕೂತಳು. ದೀಪ ಹಚ್ಚುವ ಹೊತ್ತಿಗೆ ಟೆಂಟಿನಲ್ಲಿ ದೇವರ ಹಾಡು ಬಂತು, ಆಟ ಶುರುವಾಯಿತು. ಜಾಗಟೆಯ ಸದ್ದಿನ ನಡುವೆ ಅಜ್ಜಿ "ಬಂತು, ಬಂತು, ಇನ್ನೊಂದ್ ಕಿತ ಮುಕ್ಕು ನನ್ನವ್ವ" ಎಂದಳು.

ಮಗು ಬಂತು. ಅಳಲಿಲ್ಲ.

ಅಜ್ಜಿ ಮಾತು ನಿಲ್ಲಿಸಿದಳು. ಅತ್ತಿಗೆಯ ಕೈ ನನ್ನ ಹಣೆಯ ಮೇಲೆ ಹಾಗೇ ನಿಂತಿತು. ಈ ಮೌನ ನನಗೆ ಗೊತ್ತಿತ್ತು. ಆಗ ನನಗೆ ಅರ್ಥವಾಯಿತು, ಇಷ್ಟು ದಿನ ನಾನು ಹೆದರಿದ್ದು ಆ ಸಿನಿಮಾದ ಕಿರುಚಾಟಕ್ಕಲ್ಲ, ಅದಕ್ಕೆ ಮುಂಚಿನ ಮೌನಕ್ಕೆ. ಅಲ್ಲಿ ಮೌನ ಆದ ಮೇಲೆ ಒಂದು ಕೂಗಾದರೂ ಬಂದೇ ಬರುತ್ತಿತ್ತು.

"ಏನಾಯ್ತು ಅಜ್ಜಿ?" ಎಂದೆ.  ಅವಳು ಹೊಕ್ಕುಳಬಳ್ಳಿ ಕತ್ತರಿಸಿ, ಮಗುವನ್ನು ಬಟ್ಟೆಯಲ್ಲಿ ತೆಗೆದುಕೊಂಡು ನಡುಮನೆ ದಾಟಿ ಬಚ್ಚಲಿಗೆ ಓಡಿದಳು. ಬಟ್ಟೆಯಲ್ಲಿ ಸುತ್ತಿಕೊಂಡು ಹೊರಗೆ ಹೋಗುವುದನ್ನು ನಾನು ಹಿಂದೆಯೂ ನೋಡಿದ್ದೆ. ಏಳಲು ಹೋದೆ. ಅತ್ತಿಗೆ ಎರಡೂ ಭುಜ ಒತ್ತಿ ಹಿಡಿದಳು. 

ಆಗ ಬಾಗಿಲ ಆಚೆ ಬಳೆ ಗಲಗಲ ಎಂದಿತು.

ಅದರ ಹಿಂದೆಯೇ ಕಲ್ಲು ಶುರುವಾಯಿತು.

ಟೆಂಟಿನಲ್ಲಿ ದೆವ್ವವಿಲ್ಲ. ಬಾಗಿಲಿಲ್ಲ, ಗೆಜ್ಜೆಯಿಲ್ಲ. ದೇವರ ಚಿತ್ರ. ಹಾಗಿದ್ದರೆ ಅವ್ವ ಯಾಕೆ ಕಲ್ಲಿಗೆ ಕೂತಳು? ಯಾವ ಸದ್ದು ನನ್ನ ಕಿವಿಗೆ ಬೀಳಬಾರದೆಂದು ಬೀಸುತ್ತಿದ್ದಾಳೆ? ಕಲ್ಲಿನ ಸದ್ದೂ ಎಂದಿನದ್ದಲ್ಲ. ರಾಗಿ ಬಿದ್ದ ಕಲ್ಲು ಗುರುಗುಟ್ಟುತ್ತದೆ, ಇದು ಕರಕರ ಎನ್ನುತ್ತಿತ್ತು. ಬರಿಗಲ್ಲು. ಅವಳು ಪದವನ್ನೂ ಹೇಳುತ್ತಿರಲಿಲ್ಲ.  ಮಗು ಹೋಯಿತು, ಅಳಲಿಲ್ಲ ಎನ್ನುವುದು ನನಗೆ ತಿಳಿಯದಿರಲಿ ಎಂದು ಅವ್ವ ಬೀಸುತ್ತಿದ್ದಾಳೆ. ಕಲ್ಲು ನಿಂತ ಕೂಡಲೇ ಬಂದು ಹೇಳುತ್ತಾರೆ. ಹಾಗಾದರೆ ನಿಲ್ಲುವುದೇ ಬೇಡ, ಹೀಗೇ ಬೀಸುತ್ತಿರಲಿ ಎಂದು ಒಂದು ಗಳಿಗೆ ನಿಜವಾಗಿಯೂ ಬೇಡಿಕೊಂಡೆ.

ಆದರೆ ಎಷ್ಟು ಹೊತ್ತು ಅಂತ ಆ ತೆರೆದ ಬಾಗಿಲಿಗೆ ಹೆದರುತ್ತಾ ಕೂರುವುದು? ತಿಂಗಳೆಲ್ಲ ಕೂತಿದ್ದೆ. ಸಾಕಾಗಿತ್ತು. ನನಗೆ ಸಿಟ್ಟು ಬಂತು. ಆ ಸಿಟ್ಟು ಎಲ್ಲಿತ್ತೋ ಗೊತ್ತಿಲ್ಲ.

"ನಿಲ್ಸವ್ವ!" ಎಂದು ಕಿರುಚಿದೆ. "ಕಲ್ಲು ನಿಲ್ಸು! ಏನಾದ್ರೂ ಆಗ್ಲಿ, ನಂಗೆ ಕೇಳ್ಬೇಕು!"

ಅಂಥ ಕೂಗನ್ನು ಆ ಟೆಂಟಿನ ಹೆಂಗಸೂ ಕೂಗಿರಲಿಲ್ಲ. ಕಲ್ಲು ನಿಂತಿತು. ಟೆಂಟಿನಲ್ಲೂ ರೀಲು ಬದಲಾಯಿಸುವ ಹೊತ್ತು, ಜಾಗಟೆ ನಿಂತಿತ್ತು. ಎಲ್ಲ ಕಡೆ ಸದ್ದಡಗಿತು. ಆ ಮೌನದೊಳಗೆ, ಅಡುಗೆಮನೆಯ ಆಚೆಯಿಂದ, ಬಚ್ಚಲಿನ ಕಡೆಯಿಂದ, ಸಣ್ಣಗೆ, ಕೀರಲಾಗಿ, ಒಂದು ಅಳು ಕೇಳಿಸಿತು. ಆಗ ಹುಟ್ಟಿದ ಅಳುವಲ್ಲ ಅದು. ಆಗಲೇ ಅತ್ತು ಅತ್ತು ಬಿಕ್ಕುತ್ತಿದ್ದ ಅಳು.

ಅಜ್ಜಿ ಮಗುವನ್ನು ಎತ್ತಿಕೊಂಡು ಅವ್ವನನ್ನು ಬೈಯುತ್ತಲೇ ಬಂದಳು.

"ಆಗ್ಲಿಂದ ಅಳ್ತೈತೆ, ಕೂಗಿ ಕೂಗಿ ನನ್ ಗಂಟ್ಲು ಕಟ್ಟೋಯ್ತು. ನೀನು ಕಿವಿ ಪಕ್ದಾಗೆ ಕಲ್ಲು ಬೀಸ್ಕೊಂಡ್ ಕೂತ್ರೆ ಎಂಗ್ ಕೇಳಿಸ್ತದೆ? ಹೆಣ್ಣು ಕಣವ್ವ. ಬಿಸಿನೀರ್ಗೊಂದ್ ಸತಿ, ತಣ್ಣೀರ್ಗೊಂದ್ ಸತಿ ಅದ್ದಿ, ಬೆನ್ನಿಗೆ ತಟ್ಟಿದ್ ಮ್ಯಾಕೆ ಉಸಿರು ಬಂತು."

ಅವ್ವ ಏಳಲಿಲ್ಲ. ತೆರೆದ ಬಾಗಿಲಿನಿಂದ ನನಗೆ ಅವಳು ಕಾಣುತ್ತಿದ್ದಳು. ಕಲ್ಲಿನ ಗೂಟ ಇನ್ನೂ ಕೈಯಲ್ಲೇ ಇತ್ತು, ಹಣೆಯನ್ನು ಆ ಕೈಯ ಮೇಲೆ ಇಟ್ಟು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಹೆದರಿದ್ದು ನಾನೊಬ್ಬಳೇ ಎಂದು ತಿಂಗಳೆಲ್ಲ ತಿಳಿದಿದ್ದೆನಲ್ಲ.

ಅಜ್ಜಿ ಮಗುವನ್ನು ನನ್ನ ಮಗ್ಗುಲಿಗೆ ಮಲಗಿಸಿದಳು. ಮುಖ ಕೆಂಪಗೆ ಮಾಡಿಕೊಂಡು, ಮುಷ್ಟಿ ಕಟ್ಟಿಕೊಂಡು ಅರಚುತ್ತಿತ್ತು. ಅತ್ತಿಗೆ ಕಣ್ಣೊರೆಸಿಕೊಂಡು, ಲೊಚಗುಟ್ಟುತ್ತಾ ಸಮಾಧಾನ ಮಾಡಲು ಕೈ ಚಾಚಿದಳು.

"ಬ್ಯಾಡ ಅತ್ತಿಗೆ," ಎಂದೆ. "ಇನ್ನೊಂದ್ ಸ್ವಲ್ಪ ಹೊತ್ತು ಅಳ್ಲಿ."